ನಲ್ಲಿಯ ಸದ್ದು

ಮೂಡುಬಿದಿರೆಯಲ್ಲಿ ನಾವು ಬಾಡಿಗೆಗೆ ಕೊಡುವ ಮನೆಯನ್ನು ನೋಡಿಕೊಳ್ಳುತ್ತಿದ್ದವರು ಒಂದು ಕಡೆ ಕೂತವರಲ್ಲ. ಬೀಗದ ಕೈಗಳ ಗೊಂಚಲು ಆಡಿಸುತ್ತಲೇ ದುಬೈಯಲ್ಲಿದ್ದ ನನಗೆ ಫೋನ್ ಮಾಡುವರು. ನಲ್ಲಿ ಸೋರಿದರೆ ಫೋನನ್ನು ಅದರ ಹತ್ತಿರವೇ ಹಿಡಿದು, "ಕೇಳ್ತದಾ ಮಾರಾಯ್ರೇ?" ಎನ್ನುವರು. ನಾನು ಹೂಂ ಎನ್ನದೆ ಪ್ಲಂಬರನ್ನು ಕರೆಯುತ್ತಿರಲಿಲ್ಲ. ಧಣಿಗೆ ಗೊತ್ತಿಲ್ಲದ ಕೆಲಸಕ್ಕೆ ಮಜೂರಿ ತೆಗೆದುಕೊಳ್ಳಬಾರದಂತೆ.

ಪಂಪು ಗೊರಗುಟ್ಟುವುದನ್ನೂ ಕೇಳಿಸಿದ ದಿನ ನನಗೆ ರೇಗಿತು. "ರಿಪೇರಿಗೆ ಎಷ್ಟಾದರೂ ಹಾಕಿ, ನಿಮಗೂ ತಿಂಗಳಿಗೆ ಇಷ್ಟು ಅಂತ ಕೊಡ್ತೇನೆ. ನನಗೆ ಮಾತ್ರ ಇದೆಲ್ಲ ಕೇಳಿಸ್ಬೇಡಿ."

"ಆಯ್ತು."

ಆಮೇಲೆ ಫೋನೇ ಇಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ನಾನೇ ಮಾಡಿದೆ.

"ಮನೆಯಲ್ಲಿ ಏನೂ ಹಾಳಾಗ್ಲಿಲ್ವಾ?"

"ಅದು ಗೊತ್ತಾಗ್ಬಾರ್ದು ಅಂತಲ್ವಾ ನೀವು ದುಡ್ಡು ಕೊಡುವುದು?"

ಗೊಂಚಲು ಕಿಣಿಕಿಣಿ ಎಂದಿತು. ಅವರು ಆ ಮನೆಯಲ್ಲೇ ಇದ್ದರು.

"ಒಮ್ಮೆ ನಲ್ಲಿ ತಿರುಗಿಸಿ ಮಾರಾಯ್ರೇ," ಎಂದೆ, "ಕೇಳ್ತೇನೆ."