ಟಾಲಿವರ್ ಅವರ ಜಾಗದಲ್ಲಿ ನನ್ನ ಕಾರು

ನಗಬೇಡಿ, ಪೂರ್ತಿ ಕೇಳಿ. ಕಾನೂನು ಓದುತ್ತಿರುವ ನನಗೆ ಬೇಸಿಗೆಯ ಇಂಟರ್ನ್‌ಶಿಪ್ ಸಿಕ್ಕಿದೆ. ಅಮ್ಮ ಕೇಕ್ ತಂದಿದ್ದಾಳೆ, ನಾನಿನ್ನೂ ಮುಟ್ಟಿಲ್ಲ.

ಶಿಕಾಗೋದ ದಕ್ಷಿಣದಲ್ಲಿ ಬಾಡಿಗೆದಾರರ ಪರ ವಾದಿಸುವ ಪುಟ್ಟ ಕಚೇರಿ ಅದು. ಸಂದರ್ಶನ ಹಿಮದ ದೆಸೆಯಿಂದ ಎರಡು ಸಲ ತಪ್ಪಿತ್ತು. ಮೊದಲ ಸಲ ಊರೇ ಮುಚ್ಚಿತು; ಎರಡನೇ ಸಲ ನಾನಿದ್ದ ರೈಲು ನಡುದಾರಿಯಲ್ಲಿ ನಿಂತಿತು.

"ಗುರುವಾರ ಹತ್ತಕ್ಕೆ ಬನ್ನಿ. ಇನ್ನು ಮುಂದಕ್ಕೆ ಹಾಕೋಕಾಗಲ್ಲಮ್ಮ," ಎಂದರು ವಕೀಲೆ ರೆನಾಟಾ ಬಿಯೆಲ್ಸ್ಕಿ.

ಹಾಗಾಗಿ ಈ ಸಲ ಅಮ್ಮನ ಕಾರಿನಲ್ಲಿ ಹೋದೆ. ಬೀದಿಯ ಎರಡೂ ಕಡೆ ಸೊಂಟದೆತ್ತರ ಹಿಮ. ಅಲ್ಲಲ್ಲಿ ಕಾರು ನಿಲ್ಲಿಸಲು ಜನ ಅಗೆದು ತೆರವು ಮಾಡಿದ ಜಾಗಗಳು. ತಮ್ಮದೆಂಬ ಗುರುತಿಗೆ ಒಂದರಲ್ಲಿ ಇಸ್ತ್ರಿ ಮೇಜು, ಇನ್ನೊಂದರಲ್ಲಿ ಮುರುಕು ಏಣಿ, ಮತ್ತೊಂದರಲ್ಲಿ ಕೆಂಪು ಕುರ್ಚಿ. ಅಗೆದವರದೇ ಜಾಗ, ಹಿಮ ಕರಗುವವರೆಗೆ ಬೇರೆಯವರು ಮುಟ್ಟುವಂತಿಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ನಮ್ಮಪ್ಪನ ಕುರ್ಚಿಯನ್ನು ಸರಿಸಿದವನ ಕಾರಿಗೆ ನಮ್ಮಪ್ಪ ಒಮ್ಮೆ ನೀರು ಸುರಿದು ಮಂಜುಗಡ್ಡೆ ಮಾಡಿದ್ದ!

ಆದರೆ ಗಂಟೆ ಒಂಬತ್ತು ಐವತ್ತಾರು. ಬೀದಿ ಸಾರ್ವಜನಿಕರದ್ದು, ಕುರ್ಚಿಗೆ ಯಾವ ಹಕ್ಕೂ ಇಲ್ಲ ಎಂದು ನನಗೆ ನಾನೇ ವಾದ ಮಂಡಿಸಿ, ಕೆಂಪು ಕುರ್ಚಿಯನ್ನು ಹಿಮದ ಗುಡ್ಡೆಯ ಮೇಲೆಸೆದು ಅಲ್ಲಿ ಕಾರು ನಿಲ್ಲಿಸಿದೆ.

ಸಂದರ್ಶನ ಬಹಳ ಚೆನ್ನಾಗಿ ನಡೆಯುತ್ತಿತ್ತು. ದುರ್ಬಲರ ಪರ ನಿಲ್ಲುವುದರ ಬಗ್ಗೆ ನಾನು ಭಾಷಣ ಬಿಗಿಯುತ್ತಿದ್ದಾಗಲೇ ಬಾಗಿಲು ತೆರೆದು ಒಬ್ಬ ಮುದುಕರು ಬಂದರು. ಮೀಸೆಯ ತುಂಬ ಹಿಮ.

"ರೆನಾಟಾ, ಹೊರಗಿರೋ ನೀಲಿ ಕಾರು ಯಾರದಮ್ಮ? ಬೆಳಗ್ಗೆ ಐದಕ್ಕೆದ್ದು ಅಗೆದಿದ್ದೆ. ವರ್ನೆಲ್‌ಗೆ ಮೊಣಕಾಲು ಆಪರೇಷನ್ ಆಗಿದೆ, ಈಗಷ್ಟೇ ಆಸ್ಪತ್ರೆಯಿಂದ ಕರ್ಕೊಂಡ್ ಬಂದೆ. ನನ್ನ ಕಾರು ಬೀದಿ ಮೂಲೆಲಿ ನಿಂತಿದೆ, ಅಲ್ಲಿಂದ ಮನೇವರೆಗೆ ಅವಳನ್ನ ಹೇಗೆ ನಡೆಸ್ಲಿ?"

ರೆನಾಟಾ ನನ್ನತ್ತ ತಿರುಗಿದರು. "ನಿಮ್ಮದಲ್ಲ ತಾನೆ?"

"ನಾನು ರೈಲಲ್ಲಿ ಬಂದೆ," ಎಂದುಬಿಟ್ಟೆ.

ಮುದುಕರು ನನ್ನನ್ನು ಒಂದು ಕ್ಷಣ ನೋಡಿ ಹೊರಟುಹೋದರು. ಅವರು ಲೂಷಿಯಸ್ ಟಾಲಿವರ್, ವರ್ನೆಲ್ ಅವರ ಹೆಂಡತಿ ಎಂದು ರೆನಾಟಾ ಹೇಳಿದರು. ನಲವತ್ತು ವರ್ಷ ಊರಿನ ಬಸ್ಸುಗಳನ್ನು ರಿಪೇರಿ ಮಾಡಿದವರು. ಅವರ ಕಟ್ಟಡಕ್ಕೆ ಎರಡು ಚಳಿಗಾಲದಿಂದ ಹೀಟರ್ ಇಲ್ಲ. ಮಾಲೀಕನಿಗೆ ಹೆದರಿ ಬೇರೆಯವರೆಲ್ಲ ಹಿಂದೆ ಸರಿದಾಗ ರೆನಾಟಾ ಹೂಡಿದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ಉಳಿದವರು ಅವರೊಬ್ಬರೇ.

ನಾನು ಹೊರಗೆ ಬಂದಾಗ ಟಾಲಿವರ್ ಇನ್ನೊಂದು ಜಾಗ ಅಗೆಯುತ್ತಿದ್ದರು. ಸಲಿಕೆಗೆ ಕೈ ಚಾಚಿದೆ.

"ಅದು ಬೇಡ. ಮೊದಲು ನಿನ್ನ ಕಾರು ತೆಗಿ."

"ನಿಮಗೆ ಹೇಗೆ..."

"ಹಿಮದ ಮೇಲೆ ಹೆಜ್ಜೆ ಕಾಣಲ್ವಾ? ಕಾರಿಂದ ನೇರ ರೆನಾಟಾ ಬಾಗಿಲಿಗೆ ಹೋಗಿವೆ. ನೀನೇ ಹೇಳ್ತೀಯೇನೋ ಅಂತ ಒಳಗೆ ಬಂದು ಕೇಳ್ದೆ."

ಕಾರು ತೆಗೆದೆ. ವರ್ನೆಲ್ ಅವರ ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ಆಕೆ ಏದುಸಿರು ಬಿಡುತ್ತಲೇ, "ವಕೀಲಿ ಓದ್ತಿದೀಯೇನಮ್ಮ? ಒಳ್ಳೇದು. ಸುಳ್ಳು ಹೇಳೋದು ಆಗ್ಲೇ ಕಲ್ತಾಗಿದೆ," ಎಂದರು.

ಇವತ್ತು ರೆನಾಟಾ ಫೋನ್ ಮಾಡಿದ್ದರು. "ಕೋರಿನ್, ಕೆಲಸ ನಿಮಗೇ. ವರ್ನೆಲ್‌ನ ಮನೆ ಸೇರಿಸಿದ್ದು ನೀವೇ ಅಂತ ಟಾಲಿವರ್ ಹೇಳಿದ್ರು. ನಮಗೆ ಅಂಥವರೇ ಬೇಕು."

ಕಾರಿನ ಬಗ್ಗೆ ಟಾಲಿವರ್ ರೆನಾಟಾ ಬಳಿ ಒಂದು ಮಾತೂ ಆಡಿರಲಿಲ್ಲ. ನಾನಾದರೂ ಆಡಬೇಕಿತ್ತು. "ಥ್ಯಾಂಕ್ಸ್ ಮೇಡಂ," ಎಂದೆ, ಅಷ್ಟೇ.

ಜೂನ್‌ನಲ್ಲಿ ನನ್ನ ಮೊದಲ ಕೆಲಸ ಟಾಲಿವರ್ ಅವರ ಹೇಳಿಕೆ ಬರೆದುಕೊಳ್ಳುವುದು. ಹೇಳಿದ್ದೆಲ್ಲ ಸತ್ಯ ಎಂದು ಕೊನೆಯಲ್ಲಿ ಅವರಿಂದ ಸಹಿ ಹಾಕಿಸಿಕೊಳ್ಳಬೇಕಂತೆ. ನಾನು!