ಏಳು ಒಂದುಗಳ ಸಂಖ್ಯೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶಿವನಿಯಿಂದ ಕಡೂರಿನ ಕಾಲೇಜಿಗೆ ರೈಲಿನಲ್ಲಿ ಹೋಗಿಬರುತ್ತಿದ್ದೆ. ಅಜ್ಜಂಪುರದಲ್ಲಿ ನನ್ನ ಗೆಳತಿ ಹತ್ತುತ್ತಿದ್ದಳು. ಅವಳ ತಂದೆಗೆ ಅಲ್ಲಿ ಸೈಕಲ್ ಷಾಪಿತ್ತು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ. ಇಬ್ಬರದೂ ಪಿಯುಸಿ, ಇಬ್ಬರಿಗೂ ಲೆಕ್ಕದ ಹುಚ್ಚು.

ಒಂದು ದಿನ ಅವಳು ಏಳು ಒಂದುಗಳನ್ನು ಸಾಲಾಗಿ ಬರೆದು ತೋರಿಸಿದಳು. ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರ ಹನ್ನೊಂದು. ಒಂದು ಮತ್ತು ಅದೇ ಸಂಖ್ಯೆ ಬಿಟ್ಟರೆ ಇದನ್ನು ಬೇರೆ ಯಾವ ಸಂಖ್ಯೆಯೂ ಸರಿಯಾಗಿ ಭಾಗಿಸಲಾರದು ಎಂದು ಅವಳ ನಂಬಿಕೆ. ಅಂಕಿಗಳನ್ನು ಕೂಡಿದರೆ ಏಳು, ಹಾಗಾಗಿ ಮೂರರಿಂದ ಆಗದು. ಕೊನೆಯಲ್ಲಿ ಒಂದು ಇರುವುದರಿಂದ ಎರಡೂ ಐದೂ ಇಲ್ಲ. ಉಳಿದ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿಯೇ ನೋಡಬೇಕು. ಸಾವಿರದ ಐವತ್ತೊಂದರವರೆಗೆ ನೋಡಿದರೆ ಸಾಕು ಎಂದು ಲೆಕ್ಕದ ಮೇಷ್ಟ್ರು ಹೇಳಿದ್ದರು. ನಾನು ಭಾಗಿಸುತ್ತಿದ್ದೆ, ಅವಳು ಕಿಟಕಿಗೆ ತಲೆಯಾನಿಸಿ "ಶೇಷ ಬಂತಾ?" ಅನ್ನುತ್ತಿದ್ದಳು. ಪ್ರತಿ ಸಲವೂ ಏನಾದರೂ ಮಿಗುತ್ತಿತ್ತು. ಮಿಕ್ಕರೆ ಅವಳಿಗೆ ಖುಷಿ.

ಇನ್ನೂರ ಹನ್ನೊಂದನ್ನು ಮುಗಿಸಿದ ಮೇಲೆ ಅವಳು ರೈಲಿಗೆ ಬರಲಿಲ್ಲ. ಟೈಫಾಯ್ಡ್ ಅಂದರು. ಆಮೇಲೆ ಹೋಗಿಬಿಟ್ಟಳು ಅಂದರು.

ತಿಂಗಳು ಕಳೆದು ಅವರ ಮನೆಗೆ ಹೋದೆ. ಅವಳ ತಾಯಿ ನನ್ನನ್ನು ಒಳಗೆ ಕರೆದೊಯ್ದು, ಗಂಡನಿಗೆ ಕೇಳಿಸದಂತೆ ಬಾಗಿಲು ಮುಂದೆ ಮಾಡಿ, "ನಿಜ ಹೇಳು ಬೇಟಿ, ಆ ಶೇಷ ಯಾರು?" ಎಂದರು.

ಜ್ವರದಲ್ಲಿ ಮಗಳು ಕೊನೆಯವರೆಗೂ ಅದೊಂದೇ ಮಾತು ಆಡಿದ್ದಳಂತೆ: ಶೇಷ ಬಂತಾ, ಶೇಷ ಬಂತಾ. ಬಂತು, ಬಂದ ಎಂಬ ಭೇದ ಆ ತಾಯಿಯ ಕನ್ನಡದಲ್ಲಿ ಇರಲಿಲ್ಲ. ಯಾರೋ ಹುಡುಗ ಎಂದುಕೊಂಡು ಬಾಯಿಬಿಟ್ಟಿರಲಿಲ್ಲ. ಬೀದಿಯಲ್ಲಿ ಆ ವಯಸ್ಸಿನವರು ಯಾರು ನಿಂತರೂ ಇವನೇ ಇರಬಹುದೇ ಎಂದು ನೋಡುತ್ತಿದ್ದರಂತೆ. ಬೈಯುವುದಕ್ಕಲ್ಲ, ಅವಳು ಕೇಳಿದ್ದಳು ಎಂದು ತಿಳಿಸುವುದಕ್ಕೆ.

ಶೇಷ ಅಂದರೆ ಮನುಷ್ಯನಲ್ಲ, ಭಾಗಾಕಾರದಲ್ಲಿ ಮಿಕ್ಕಿದ್ದು ಎಂದು ಕಾಗದದ ಮೇಲೆ ಮಾಡಿ ತೋರಿಸಿದೆ. ಸಮಾಧಾನವಾದೀತು ಎಂದುಕೊಂಡಿದ್ದೆ. ಅವರ ಮುಖ ಇನ್ನಷ್ಟು ಇಳಿಯಿತು. ದಾರಿ ನೋಡಲು ಇದ್ದ ಒಬ್ಬನೂ ಇಲ್ಲವಾಗಿದ್ದ. ಕಾಗದವನ್ನು ನನ್ನ ಕೈಗೆ ತಿರುಗಿ ಕೊಟ್ಟು, "ಹಂಗಾದ್ರೆ ಆ ಲೆಕ್ಕ ನೀನು ಮುಗ್ಸು" ಎಂದರು.

ರೈಲಿನಲ್ಲಿ ಮತ್ತೆ ಶುರುಮಾಡಿದೆ. ಅವಳ ಜಾಗ ಖಾಲಿಯಿದ್ದರೂ ಅಲ್ಲಿ ಚೀಲ ಇಡಲು ಮನಸ್ಸಾಗುತ್ತಿರಲಿಲ್ಲ. ಲೆಕ್ಕ ಕೊನೆಗೆ ಬರುತ್ತಿದ್ದಂತೆ ಪಕ್ಕದಿಂದ ಅದೇ ಪ್ರಶ್ನೆ ಬರುತ್ತದೆಂದು ಕೈ ತಾನಾಗಿ ನಿಲ್ಲುತ್ತಿತ್ತು. ಒಮ್ಮೆ ಬೀರೂರಿನಲ್ಲಿ ಗಾಡಿ ನಿಂತಿದ್ದಾಗ ನಿಜವಾಗಿಯೂ ಕೇಳಿಸಿತು. ತಟ್ಟನೆ ತಿರುಗಿದೆ. ಎದುರು ಕೂತಿದ್ದ ಮುದುಕಿ ಏನವ್ವಾ ಎಂದು ಕೇಳಿದಳು.

ಇನ್ನೂರ ಮೂವತ್ತೊಂಬತ್ತರಿಂದ ಭಾಗಿಸಿದಾಗ ಏನೂ ಮಿಗಲಿಲ್ಲ. ಭಾಗಲಬ್ಧ ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು. ತಿರುಗಿ ಗುಣಿಸಿ ನೋಡಿದೆ. ಒಂದುಗಳು ಸಾಲಾಗಿ ಬಂದು ನಿಂತವು. ಅವಳದೇನನ್ನೋ ನಾನೇ ಒಡೆದುಹಾಕಿದಂತಾಯಿತು.

ಸಂಜೆ ಅಜ್ಜಂಪುರದಲ್ಲಿ ಇಳಿದು ಅವಳ ತಾಯಿಗೆ ಹೇಳಿದೆ. ಅವರು ಕೇಳಿದ್ದು ಒಂದೇ.

"ಗೊತ್ತಾಗಿದ್ರೆ ನಗ್ತಿದ್ಲಾ, ಅಳ್ತಿದ್ಲಾ?"

ನಗುತ್ತಿದ್ದಳು ಎಂದೆ. ನನಗೇನೂ ಗೊತ್ತಿರಲಿಲ್ಲ. ಮಾರನೆಯ ದಿನದಿಂದ ಬೇರೆ ಬೋಗಿ ಹತ್ತತೊಡಗಿದೆ.