ಕೋಗಿಲು ಕೋಗಿಲೆಯಾದದ್ದು

ನಮ್ಮಜ್ಜಿ ನನ್ನ ಅಂಗಡಿಗೆ ಬಂದದ್ದು ಒಂದು ಬಟ್ಟೆ ಚೀಲದ ಮೇಲೆ. ಅಮೃತಹಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ನನ್ನದು. ಗಿರಾಕಿಯೊಬ್ಬರು, ಸ್ಕೂಲ್ ಟೀಚರ್, ಸೀರೆ ತುಂಬಿದ ಚೀಲ ತಂದು ಟೇಬಲ್ ಮೇಲಿಟ್ಟರು. ಚೀಲದ ಮೇಲೆ ಕಪ್ಪುಬಿಳುಪು ಫೋಟೊ: ಬೇಸಿನ್ ಹಿಡಿದು ನಿಂತ ಒಬ್ಬ ಹೆಂಗಸು. ಕೆಳಗೆ ದಪ್ಪ ಅಕ್ಷರದಲ್ಲಿ ‘ಕೋಗಿಲೆ’. ಆ ಹೆಂಗಸಿಗೆ ನಮ್ಮಮ್ಮನ ಮುಖ ಇತ್ತು. ಅದೇ ಅಗಲ ಹಣೆ, ಜಗಳಕ್ಕೆ ರೆಡಿಯಾದವರ ಹಾಗೆ ಬಿಗಿದ ಅದೇ ತುಟಿ. ಇದು ಎಲ್ಲಿ ಸಿಕ್ತು ಮೇಡಂ ಅಂದೆ. ಕಾನ್ವೆಂಟ್ ಸಿಸ್ಟರ್‌ಗಳ ಮ್ಯೂಸಿಯಂನಲ್ಲಿ ಮಾರ್ತಾರೆ, ತುಂಬಾ ಚೆನ್ನಾಗಿದೆ ಕಣ್ರೀ, ಒಂದ್ಸಲ ಹೋಗ್ಬನ್ನಿ ಅಂದರು.

ಚೀಲ ಇಸ್ಕೊಂಡು ಮನೆಗೆ ತಂದೆ. ಅಮ್ಮ ಹುಟ್ಟಿದ್ದು ಕೋಗಿಲು ಅನ್ನೋ ಊರಿನಲ್ಲಿ. ಅವಳ ಅವ್ವ, ಅಂದರೆ ನಮ್ಮಜ್ಜಿ, ಯಲಹಂಕದ ಕಡೆ ಸಿಸ್ಟರ್‌ಗಳು ನಡೆಸುತ್ತಿದ್ದ ದವಾಖಾನೆಯಲ್ಲಿ ಗಾಯದ ಪಟ್ಟಿ, ಹೆರಿಗೆಯ ಬಟ್ಟೆ ಒಗೆಯುತ್ತಿದ್ದಳಂತೆ. ಅಮ್ಮ ಇನ್ನೂ ಲಂಗ ಹಾಕುವಾಗಲೇ ಅಜ್ಜಿ ತೀರಿಕೊಂಡಳು. ಅವಳದ್ದೊಂದು ಫೋಟೊನೂ ನಮ್ಮಲ್ಲಿಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವಾಗ ತಾತನ ಫೋಟೊ ಪಕ್ಕ ಅಜ್ಜಿಯ ಒಂದು ಹಳೇ ಸೀರೆ ಮಡಿಸಿಟ್ಟು, ಅದಕ್ಕೇ ಕುಂಕುಮ ಹಚ್ಚಿ ಕೈ ಮುಗಿಯುತ್ತೇವೆ.

ಅಮ್ಮ ಚೀಲವನ್ನು ತೊಡೆ ಮೇಲೆ ಹಾಸಿಕೊಂಡು ಸವರಿದಳು. ‘ನಮ್ಮವ್ವ ಕಣೇ’ ಅಂದಳು. ಓದು ಬಾರದವಳು, ಆಮೇಲೆ ಅಕ್ಷರದ ಮೇಲೆ ಬೆರಳಿಟ್ಟು ಏನು ಬರ್ದವ್ರೆ ಅಂತ ಕೇಳಿದಳು. ಕೋಗಿಲೆ ಅಂದೆ.

‘ಅದ್ಯಾಕೆ ಅಂಗೆ ಬರ್ದವ್ರೆ? ಅವಳ ಎಸ್ರು ಅದಲ್ಲ. ನಡಿ, ಓಗಿ ಏಳೋಣ. ಸರಿ ಎಸ್ರು ಬರೀಲಿ.’

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅವ್ವನ ಮುಖದ ಕೆಳಗೆ ಅವ್ವನ ಹೆಸರು.

ಹೋದೆವು. ಗೇಟಿನ ಪಕ್ಕ ಫಳಫಳ ಹಿತ್ತಾಳೆ ಬೋರ್ಡು: ಸಾರ್ವಜನಿಕರ ಸೇವೆಗಾಗಿ, ಎಲ್ಲರಿಗೂ ಸ್ವಾಗತ. ಅದರ ಕೆಳಗೇ ನಿಂತಿದ್ದ ಸೆಕ್ಯುರಿಟಿ, ಇಮೇಲ್ ಮಾಡಿ ಡೇಟ್ ತಗೊಂಡಿದ್ದೀರಾ ಅಂದ. ಇಲ್ಲ ಅಂದೆ. ಹಂಗೆಲ್ಲಾ ಬಿಡಂಗಿಲ್ಲಮ್ಮ ಅಂದ. ನಾವು ಸಾರ್ವಜನಿಕರಲ್ವೇನಪ್ಪಾ ಅಂತ ಕೇಳಿದೆ. ಅವನು ಅಮ್ಮನ ಹವಾಯಿ ಚಪ್ಪಲಿ ನೋಡಿದ. ಅಷ್ಟರಲ್ಲಿ ಯಾವುದೋ ಸ್ಕೂಲ್ ಬಸ್ ಬಂದು ಗೇಟು ತೆರೀತು. ನಾವೂ ಮಕ್ಕಳ ಸಾಲಿನಲ್ಲಿ ಸೇರ್ಕೊಂಡು ಒಳಗೆ ಹೋದೆವು.

ಒಳಗೆ ಏಸಿ, ಮುಖ ಕಾಣುವಂಥ ನೆಲ, ಎಲ್ಲೆಲ್ಲೂ ಗಾಜು. ಹೊರದೇಶದಿಂದ ಬಂದಿದ್ದ ಸಿಸ್ಟರ್‌ಗಳ ಕನ್ನಡಕ, ಛತ್ರಿ, ಸೂಪು ಕುಡಿಯುತ್ತಿದ್ದ ಚಮಚ. ಒಂದೊಂದಕ್ಕೂ ಒಂದೊಂದು ಲೈಟು, ಪಕ್ಕದಲ್ಲಿ ಒಡತಿಯ ಪೂರ್ತಿ ಹೆಸರು, ಹುಟ್ಟಿದ ಊರು. ಚಮಚ ಯಾರದ್ದು ಅಂತ ಇವರಿಗೆ ಗೊತ್ತಿತ್ತು.

ನಮ್ಮಜ್ಜಿ ಕೊನೇ ಗೋಡೆಯಲ್ಲಿದ್ದಳು, ಆಳೆತ್ತರಕ್ಕೆ. ಕೆಳಗೆ ಕೆಂಪು ಗುಂಡಿ. ಮಕ್ಕಳು ಅದನ್ನು ಒತ್ತಿದ ಕೂಡಲೇ ಯಾವುದೋ ಹುಡುಗಿಯ ಜೇನಿನಂಥ ದನಿಯಲ್ಲಿ ಪ್ರಾರ್ಥನೆಯ ಹಾಡು ಶುರುವಾಯಿತು. ಲೇಬಲ್ ಓದಿದೆ: ‘ಕೋಗಿಲೆ. ದವಾಖಾನೆಯ ಸಹಾಯಕಿ. ಇವಳ ಮಧುರ ಕಂಠಕ್ಕಾಗಿ ಸಿಸ್ಟರ್‌ಗಳು ಪ್ರೀತಿಯಿಂದ ಇಟ್ಟ ಹೆಸರು.’

‘ಯಾರೇ ಆಡ್ತಿರೋದು?’ ಅಂದಳು ಅಮ್ಮ.

‘ಅಜ್ಜಿ ಅಂತೆ.’

‘ನಮ್ಮವ್ವನಾ? ಅವಳು ಬಾಯಿ ಬಿಟ್ರೆ ಕೋಳಿಗಳು ಎದ್ರಿ ಗೂಡು ಸೇರ್ತಿದ್ವು.’

ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಬದುಕಿರೋವರೆಗೂ ಕಂಡೋರ ರಕ್ತದ ಬಟ್ಟೆ ಕುಕ್ಕಿ ಕುಕ್ಕಿ ಒಗೆದವಳು. ಕೈಲಿ ಬೇಸಿನ್ ಕಾಣ್ತಾ ಇದೆ. ಅದು ಬಿಟ್ಟು, ಇಲ್ಲದ ಕಂಠ ತಂದು ಅಂಟಿಸಿ, ಗುಂಡಿ ಇಟ್ಟು ಹಾಡಿಸ್ತಾ ಇದ್ದಾರೆ.

ಕೊರಳಲ್ಲಿ ಟ್ಯಾಗ್ ಹಾಕಿಕೊಂಡ ಮ್ಯೂಸಿಯಂ ಮೇಡಂ ಬಂದರು. ಈ ಹೆಸರು ಎಲ್ಲಿಂದ ತಂದ್ರಿ ಅಂತ ಕೇಳಿದೆ. ಒಳ್ಳೇ ಮಾತಿನಲ್ಲೇ ಟ್ಯಾಬ್ ತೆಗೆದು ಫೋಟೊದ ಹಿಂಭಾಗ ತೋರಿಸಿದರು. ಪೆನ್ಸಿಲಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ‘ಕೋಗಿಲು’ ಅಂತ ಇತ್ತು.

‘ಪಾಪ, ಫಾರಿನ್ ಸಿಸ್ಟರ್ ನೋಡಿ. ಕೋಗಿಲೆ ಅಂತ ಬರೆಯೋಕೆ ಹೋಗಿ ಸ್ಪೆಲ್ಲಿಂಗ್ ತಪ್ಪಿದ್ದಾರೆ. ನಾವು ಕರೆಕ್ಟ್ ಮಾಡಿದ್ವಿ’ ಅಂದರು.

‘ಮೇಡಂ, ಕೋಗಿಲು ಅನ್ನೋದು ನಮ್ಮಜ್ಜಿ ಊರು ಕಣ್ರೀ. ನಿಮ್ಮ ಗೇಟಿನ ಮುಂದೇನೇ ಆ ಬೋರ್ಡ್ ಹಾಕ್ಕೊಂಡು ಬಸ್ಸು ಓಡಾಡುತ್ತೆ.’

ಅವರು ಕಾರಿನಲ್ಲಿ ಬರುವವರು. ಬಸ್ಸಿನ ಬೋರ್ಡು ಓದುವ ಕಷ್ಟ ಅವರಿಗೆ ಬಂದಿರಲಿಕ್ಕಿಲ್ಲ. ಒಂದು ಕ್ಷಣ ಮುಖ ಕೆಂಪಾಯಿತು, ಆಮೇಲೆ ಸುಧಾರಿಸಿಕೊಂಡರು. ಪ್ರೂಫ್ ಏನಾದ್ರೂ ಇದ್ಯಾ, ಹೋಲಿಸಿ ನೋಡೋಕೆ ಇವರದ್ದೇ ಬೇರೆ ಫೋಟೊ ಅಂತ ಕೇಳಿದರು. ಇದ್ದಿದ್ರೆ ನಿಮ್ಮ ಹತ್ರ ಯಾಕ್ರೀ ಬರ್ತಿದ್ವಿ ಅಂದೆ. ಅಮ್ಮ ಆ ಫೋಟೊದ ಪಕ್ಕದಲ್ಲೇ ನಿಂತಿದ್ದಳು, ಅದೇ ಹಣೆ, ಅದೇ ತುಟಿ ಇಟ್ಟುಕೊಂಡು. ಮೇಡಂ ಟ್ಯಾಬ್ ನೋಡ್ತಾ ಇದ್ದರು.

ಜಗಳ ಕೇಳಿ ವಯಸ್ಸಾದ ಸಿಸ್ಟರ್ ಒಬ್ಬರು ಬಂದರು. ಅಮ್ಮನಿಗೆ ಕುರ್ಚಿ ಹಾಕಿಸಿದರು, ಅದೊಂದು ಹೇಳಲೇಬೇಕು. ಅಮ್ಮ ಅವ್ವನ ಹೆಸರನ್ನೂ ಊರನ್ನೂ ಅವರಿಗೆ ಬಿಡಿಸಿ ಬಿಡಿಸಿ ಹೇಳಿದಳು. ‘ಮಕ್ಕಳಿಗೆ ಈ ಕಥೆ ಅಂದ್ರೆ ಪ್ರಾಣ ಕಣಮ್ಮ’ ಅಂತ ಸಿಸ್ಟರ್ ನಿಟ್ಟುಸಿರು ಬಿಟ್ಟರು. ‘ಆದರೂ ಕಮಿಟಿ ಮುಂದೆ ಇಡ್ತೀನಿ.’

ಆಮೇಲೆ ದಿನಾ ನಾನು ಅಂಗಡಿ ಮುಚ್ಚಿ ಬರೋದೇ ತಡ, ಅಮ್ಮ ಬರ್ದ್ರಂತಾ ಅಂತ ಕೇಳೋಳು. ಇಲ್ಲ ಅನ್ನೋದಕ್ಕೆ ನನಗೇ ಬೇಜಾರಾಗಿ, ಇನ್ನೇನು ಬರೀತಾರಂತೆ ಅನ್ನೋಕೆ ಶುರು ಮಾಡಿದೆ. ಚಳಿಗಾಲ ಕಳೆದ ಮೇಲೆ ಮೇಡಂ ಫೋನ್ ಮಾಡಿದರು. ಲೇಬಲ್ ಚೇಂಜ್ ಮಾಡಿದ್ದೀವಿ, ಅಮ್ಮನ್ನ ಕರ್ಕೊಂಡು ಬನ್ನಿ ಅಂದರು.

ಅಮ್ಮ ಮೈಸೂರು ಸಿಲ್ಕ್ ಉಟ್ಟಳು. ಅವ್ವನ ಮುಂದೆ ಇಡಲಿಕ್ಕೆ ಒಂದು ಮೊಳ ಕನಕಾಂಬರ ತಗೊಂಡಳು. ಈ ಸಲ ಸೆಕ್ಯುರಿಟಿ ತಾನೇ ಗೇಟು ತೆಗೆದ. ಕೆಂಪು ಗುಂಡಿ ಇದ್ದ ಜಾಗ ಖಾಲಿಯಾಗಿತ್ತು, ಹಾಡು ನಿಂತಿತ್ತು. ಹೊಸ ಲೇಬಲ್ ಥಳಥಳ ಅಂತಿತ್ತು.

‘ಓದೇ’ ಅಂದಳು ಅಮ್ಮ.

ನಾನು ಓದಿದೆ. ‘ಅಪರಿಚಿತ ಮಹಿಳೆ. ಹೆಸರು, ಊರು ತಿಳಿದುಬಂದಿಲ್ಲ.’

ಮೇಡಂ ಪಕ್ಕದಲ್ಲೇ ನಿಂತು ವಿವರಿಸಿದರು. ಹಾಡ್ತಿದ್ರು ಅನ್ನೋದಕ್ಕೂ ಪ್ರೂಫ್ ಇಲ್ಲ, ನೀವು ಹೇಳಿದ್ದಕ್ಕೂ ಪ್ರೂಫ್ ಇಲ್ಲ, ಹಾಗಾಗಿ ಕಮಿಟಿ ನ್ಯೂಟ್ರಲ್ ಆಗಿ ಇಡೋಣ ಅಂತು ಅಂದರು. ಥೂ, ನಿಮ್ಮ ನ್ಯೂಟ್ರಲ್‌ಗಿಷ್ಟು. ಮಗಳು ಎದುರಿಗೆ ನಿಂತು ಇವಳು ನಮ್ಮವ್ವ ಅಂತಿದ್ದಾಳೆ, ಇವರ ಪಾಲಿಗೆ ಆ ಹೆಂಗಸು ಅಪರಿಚಿತೆ. ಇದನ್ನೇ ಅವರ ಮುಖದ ಮೇಲೂ ಅಂದೆ. ಇಮೇಲ್‌ನಲ್ಲಿ ಕಳಿಸಿ ಮೇಡಂ, ಫೀಡ್‌ಬ್ಯಾಕ್ ಅಂತ ತಗೋತೀವಿ ಅಂದರು.

ಮ್ಯೂಸಿಯಂ ಅಂಗಡಿಯಲ್ಲಿ ಕೋಗಿಲೆ ಚೀಲ ಇನ್ನೂ ಮಾರ್ತಾನೇ ಇದ್ದರು. ಹಳೇ ಸ್ಟಾಕಂತೆ.

ಗೋಡೆಯ ಹತ್ತಿರ ಏನೂ ಇಡಬಾರದು ಅಂದಿದ್ದಕ್ಕೆ ಕನಕಾಂಬರ ಅಮ್ಮನ ಕೈಯಲ್ಲೇ ಉಳಿದಿತ್ತು. ಹೊರಗೆ ಬಂದು ಸ್ಟಾಪಿನಲ್ಲಿ ನಿಂತೆವು. ಕೋಗಿಲು ಬೋರ್ಡಿನ ಬಸ್ಸು ಬಂತು. ಯಾವ ಬಸ್ಸೇ ಅದು ಅಂದಳು. ಹೇಳಿದೆ. ಅದು ಹೋಗುವವರೆಗೂ ನೋಡ್ತಾ ನಿಂತಳು.

‘ನಾವು ಸುಮ್ನಿರ್ಬೇಕಿತ್ತು ಕಣೇ’ ಅಂದಳು. ‘ಕೋಗಿಲೆ ಅಂತಾನೇ ಇದ್ದಿದ್ರೆ, ಅದ್ರಲ್ಲಿ ನಮ್ಮೂರಾದ್ರೂ ಇತ್ತು.’